ಬಯಲುಸೀಮೆಯಿಂದ ಹಡಗು ಹತ್ತುವವರಿಗೆ: ಕಡಲಬೇನೆಯನ್ನು ಮೊದಲೇ ತಡೆಯುವ ಸಮಗ್ರ ಮಾರ್ಗದರ್ಶಿ

ದಾವಣಗೆರೆ, ಚಿತ್ರದುರ್ಗದ ಕಡೆಯ ಮನೆಗಳಲ್ಲಿ ಲಕ್ಷದ್ವೀಪಕ್ಕೋ ಅಂಡಮಾನಿಗೋ ಹಡಗಿನಲ್ಲಿ ಹೋಗಿಬರುವ ಮಾತು ಬಂದಾಗ, ಖರ್ಚು ಮತ್ತು ರಜೆಯ ಲೆಕ್ಕಕ್ಕಿಂತ ಮೊದಲು ಒಂದು ಆತಂಕ ತಲೆ ಎತ್ತುತ್ತದೆ. ಆಗುಂಬೆ ಘಾಟಿ ಇಳಿಯುವಾಗಲೇ ಬಸ್ಸಿನ ಕಿಟಕಿಗೆ ಮುಖ ಹಚ್ಚುವವರು ಎರಡು ಮೂರು ದಿನ ಸಮುದ್ರದ ಮೇಲೆ ಹೇಗೆ ಕಳೆದಾರು ಎಂಬ ಆತಂಕ ಅದು. ನಮ್ಮ ಊರುಗಳಿಂದ ಕಡಲು 200 ಕಿಲೋಮೀಟರಿಗೂ ಹೆಚ್ಚು ದೂರ. ನಮಗೆ ತಿಳಿದ ದೊಡ್ಡ ನೀರೆಂದರೆ ಹರಿಹರದ ತುಂಗಭದ್ರೆ, ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಹಿರಿಯೂರಿನ ವಾಣಿವಿಲಾಸ ಸಾಗರ. ಅವುಗಳ ನೀರು ಎಷ್ಟೇ ವಿಶಾಲವಾಗಿದ್ದರೂ ಸಮುದ್ರದ ಉದ್ದನೆಯ ಏರಿಳಿತ ಅಲ್ಲಿಲ್ಲ. ಹೀಗಾಗಿ ಮೊದಲ ಬಾರಿ ಹಡಗು ಹತ್ತುವ ನಮ್ಮವರ ದೇಹಕ್ಕೆ ಆ ಚಲನೆಯ ಯಾವ ಪರಿಚಯವೂ ಇರುವುದಿಲ್ಲ.

ಈ ಒಂದೇ ಕಾರಣಕ್ಕೆ ಎಷ್ಟೋ ಜನ ತಮ್ಮ ಬಹುಕಾಲದ ಆಸೆಯನ್ನು ಕೈಬಿಡುವುದು ನನಗೆ ತುಂಬಾ ಬೇಸರ ತರುತ್ತದೆ. ಕಡಲಬೇನೆಯನ್ನು ಬಹುಮಟ್ಟಿಗೆ ತಡೆಯಬಹುದು. ಆದರೆ ತಡೆಯುವ ಕೆಲಸದ ಹೆಚ್ಚಿನ ಭಾಗ ಹಡಗು ಹೊರಡುವ ಮೊದಲೇ ಮುಗಿದಿರಬೇಕು. ಹೊಟ್ಟೆ ತೊಳಸಲು ಶುರುವಾದ ಮೇಲೆ ಮಾಡುವ ಉಪಾಯಗಳಿಗೆ ಅರ್ಧ ಬಲವೂ ಇರುವುದಿಲ್ಲ. ಆದ್ದರಿಂದ ಈ ಮಾರ್ಗದರ್ಶಿ ಪ್ರಯಾಣಕ್ಕೆ ಹಲವು ತಿಂಗಳ ಹಿಂದಿನಿಂದಲೇ ಆರಂಭವಾಗುತ್ತದೆ.

ದೇಹದೊಳಗೆ ನಡೆಯುವುದೇನು

ಕಾರಣ ತಿಳಿಯದೆ ಉಪಾಯಗಳನ್ನಷ್ಟೇ ಕಂಠಪಾಠ ಮಾಡಿದರೆ ಅವು ಸಮಯಕ್ಕೆ ನೆನಪಾಗುವುದಿಲ್ಲ; ಹಾಗಾಗಿ ಮೊದಲು ಇದನ್ನು ಸ್ವಲ್ಪ ವಿವರವಾಗಿ ನೋಡೋಣ. ನಮ್ಮ ಸಮತೋಲನದ ಅಂಗ ಇರುವುದು ಒಳಕಿವಿಯಲ್ಲಿ. ಅಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗ್ರಹಿಸುತ್ತವೆ. ಅವುಗಳ ಪಕ್ಕದ ಎರಡು ಪುಟ್ಟ ಚೀಲಗಳು ಮೇಲೆ ಕೆಳಗೆ, ಹಿಂದೆ ಮುಂದೆ ಆಗುವ ಚಲನೆಯನ್ನೂ ಭೂಮಿಯ ಸೆಳೆತವನ್ನೂ ಗ್ರಹಿಸುತ್ತವೆ. ಇದರ ಜೊತೆಗೆ ಕಣ್ಣಿನಿಂದ ಬರುವ ಸುದ್ದಿ, ಪಾದ ಮತ್ತು ಸ್ನಾಯುಗಳಿಂದ ಬರುವ ಸುದ್ದಿ ಸೇರಿ ಮಿದುಳು ನಮ್ಮ ದೇಹದ ಸ್ಥಿತಿಯನ್ನು ಕ್ಷಣಕ್ಷಣವೂ ಅಂದಾಜು ಮಾಡುತ್ತಿರುತ್ತದೆ. ಹಡಗಿನ ಕೋಣೆಯಲ್ಲಿ ಕುಳಿತಾಗ ಗೋಡೆ, ಮಂಚ, ಮೇಜು ಎಲ್ಲವೂ ನಮ್ಮೊಡನೆಯೇ ಚಲಿಸುವುದರಿಂದ ಕಣ್ಣಿಗೆ ಅವೆಲ್ಲ ನಿಂತಂತೆ ಕಾಣುತ್ತವೆ, ಆದರೆ ಒಳಕಿವಿ ದೇಹ ಏಳುತ್ತಾ ಬೀಳುತ್ತಾ ಇದೆ ಎಂದು ಹೇಳುತ್ತಲೇ ಇರುತ್ತದೆ. ಹುಟ್ಟಿದಾಗಿನಿಂದ ಗಟ್ಟಿ ನೆಲದ ಮೇಲೆ ಬೆಳೆದ ಮಿದುಳಿಗೆ ಈ ಎರಡು ಸುದ್ದಿಗಳು ಹೊಂದಿಕೆಯಾಗುವುದಿಲ್ಲ; ಆ ಹೊಂದಾಣಿಕೆಯ ಕೊರತೆಯೇ ಬೆವರು, ವಾಕರಿಕೆ, ವಾಂತಿಯ ರೂಪದಲ್ಲಿ ಹೊರಬರುತ್ತದೆ.

ಎರಡೂ ಒಳಕಿವಿಗಳ ಸಮತೋಲನ ಶಕ್ತಿ ಪೂರ್ತಿ ಹೋದವರಿಗೆ ಎಂತಹ ಬಿರುಗಾಳಿಯಲ್ಲೂ ಕಡಲಬೇನೆ ಬರುವುದಿಲ್ಲ. ಇದರ ಅರ್ಥ ಸ್ಪಷ್ಟ: ಹಡಗಿನಲ್ಲಿ ವಾಂತಿಯಾಗುವುದು ದೇಹದ ದೌರ್ಬಲ್ಯದ ಗುರುತಲ್ಲ, ಆರೋಗ್ಯವಂತ ಕಿವಿಯ ಸಹಜ ಪ್ರತಿಕ್ರಿಯೆ. ಬ್ರಿಟಿಷ್ ನೌಕಾಪಡೆಯ ಸೇನಾನಿ ಹೊರೇಷಿಯೊ ನೆಲ್ಸನ್ ಬಾಲ್ಯದಲ್ಲೇ ಹಡಗು ಸೇರಿದವನಾದರೂ ಜೋರು ಗಾಳಿ ಎದ್ದಾಗಲೆಲ್ಲ ತನಗೆ ಕಡಲಬೇನೆ ಬರುತ್ತದೆಂದು ಪತ್ರಗಳಲ್ಲಿ ಬರೆದುಕೊಂಡಿದ್ದಾನೆ. ಚಾರ್ಲ್ಸ್ ಡಾರ್ವಿನ್ 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಹತ್ತಿ 1836ರಲ್ಲಿ ಮರಳುವವರೆಗೂ ಈ ಬೇನೆಯಿಂದ ಪೂರ್ತಿ ಬಿಡುಗಡೆ ಪಡೆಯಲಿಲ್ಲ. ಆದರೂ ಆ ಯಾನದಲ್ಲಿ ಆತ ಮಾಡಿದ ಕೆಲಸ ಜಗತ್ತಿಗೇ ಗೊತ್ತಿದೆ. ಬಾಹ್ಯಾಕಾಶದಲ್ಲೂ ಇದೇ ಕಥೆ: 1961ರಲ್ಲಿ ಭೂಮಿಯನ್ನು ಸುತ್ತಿದ ಗೆರ್ಮನ್ ಟಿಟೋವ್ ಅಲ್ಲಿ ವಾಕರಿಕೆ ಅನುಭವಿಸಿದ ಮೊದಲ ಮನುಷ್ಯ. ನಿಮ್ಮ ಮನೆಯಲ್ಲಿ ಯಾರಾದರೂ ತಮ್ಮ ದೇಹವೇ ಸರಿಯಿಲ್ಲವೆಂದು ಸಂಕೋಚಪಡುತ್ತಿದ್ದರೆ ದಯವಿಟ್ಟು ಈ ಹೆಸರುಗಳನ್ನು ಅವರಿಗೆ ಹೇಳಿ.

ಎಲ್ಲ ಅಲುಗಾಟವೂ ಒಂದೇ ಬಗೆಯ ಪರಿಣಾಮ ಮಾಡುವುದಿಲ್ಲ. ಐದು ಸೆಕೆಂಡಿಗೊಮ್ಮೆ ಎನ್ನುವಷ್ಟು ನಿಧಾನವಾಗಿ ಮೇಲೇರಿ ಕೆಳಗಿಳಿಯುವ ಚಲನೆಯೇ ಹೊಟ್ಟೆಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುತ್ತದೆ. ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಎಷ್ಟು ಕುಲುಕಿದರೂ ವಾಂತಿ ಬಾರದಿರುವುದಕ್ಕೆ ಆ ಕುಲುಕಾಟದ ವೇಗವೇ ಕಾರಣ. ಘಾಟಿಯಲ್ಲಿ ಬಸ್ಸಿನ ಚಾಲಕರಿಗೆ ಏನೂ ಆಗದಿರುವುದಕ್ಕೂ ಕಾರಣವಿದೆ. ಮುಂದಿನ ತಿರುವು ಯಾವ ಕಡೆಗೆಂದು ಅವರ ಮಿದುಳಿಗೆ ಮೊದಲೇ ತಿಳಿದಿರುತ್ತದೆ. ಈ ವಿವರಣೆಯಿಂದ ಮುಂದಿನ ಎಲ್ಲ ಉಪಾಯಗಳೂ ಹುಟ್ಟುತ್ತವೆ. ಕಣ್ಣಿಗೆ ನಿಜವಾದ ಚಲನೆಯನ್ನು ತೋರಿಸಬೇಕು, ಇಲ್ಲವೇ ಕಣ್ಣು ಮುಚ್ಚಬೇಕು; ಹಡಗಿನಲ್ಲಿ ಏರಿಳಿತ ಕಡಿಮೆ ಇರುವ ಜಾಗವನ್ನು ಹುಡುಕಿಕೊಳ್ಳಬೇಕು; ಹೊಸ ಚಲನೆಯನ್ನು ಕಲಿಯಲು ಮಿದುಳಿಗೆ ಕಾಲಾವಕಾಶ ಕೊಡಬೇಕು.

ಮೊದಲ ಹಂತ: ನಿಮ್ಮ ದೇಹದ ಸ್ವಭಾವ ತಿಳಿದುಕೊಳ್ಳಿ

ಎರಡು ವರ್ಷದೊಳಗಿನ ಕೂಸುಗಳಿಗೆ ಈ ತೊಂದರೆ ಬರುವುದು ಅಪರೂಪ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಅದು ಹೆಚ್ಚು, ವಯಸ್ಸಾದಂತೆ ತಗ್ಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಮುಟ್ಟಿನ ದಿನಗಳಲ್ಲಿ ಮತ್ತು ಬಸಿರಿನಲ್ಲಿ, ಹಾಗೆಯೇ ಮೈಗ್ರೇನ್ ತಲೆನೋವು ಇರುವವರಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆ. ಬಸ್ಸು, ಕಾರುಗಳಲ್ಲಿ ವಾಕರಿಕೆ ಬರುವವರಿಗೆ ಹಡಗಿನಲ್ಲೂ ಬರುವ ಸಾಧ್ಯತೆ ಜಾಸ್ತಿ. ಬಸ್ಸಿನಲ್ಲಿ ಏನೂ ಆಗದವರು ಹಡಗಿನಲ್ಲಿ ಮಲಗಿಬಿಡುವುದೂ ಉಂಟು, ಆದ್ದರಿಂದ ಯಾರೂ ತಯಾರಿ ಬಿಡಬಾರದು. ಪ್ರಯಾಣವೇ ಇಲ್ಲದಾಗಲೂ, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ತಲೆ ಗಿರ್ರೆಂದು ಸುತ್ತುವವರು ಹಡಗಿನ ಯೋಚನೆಗೆ ಮೊದಲು ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಬೇಕು. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳೇ ಇರುವಾಗ ಇದಕ್ಕೆ ದೂರ ಹೋಗಬೇಕಾಗಿಲ್ಲ.

ಎರಡನೆಯ ಹಂತ: ಸಣ್ಣ ಚಲನೆಯಿಂದ ದೊಡ್ಡ ಚಲನೆಗೆ

ಇದು ನಾನು ಅತಿ ಹೆಚ್ಚು ಒತ್ತು ಕೊಡುವ ಹಂತ, ಜನ ಅತಿ ಹೆಚ್ಚು ಬಿಟ್ಟುಬಿಡುವ ಹಂತವೂ ಇದೇ. ಮಿದುಳು ಚಲನೆಗೆ ಒಗ್ಗಿಕೊಳ್ಳುತ್ತದೆ. ಮಾತ್ರೆಗಳಿಲ್ಲದೆ ಕಡಲಬೇನೆಯನ್ನು ನಿಜಕ್ಕೂ ತಗ್ಗಿಸುವ ಬಲವಾದ ಉಪಾಯವೆಂದರೆ ಈ ಒಗ್ಗುವಿಕೆ. ಆದರೆ ಅದು ಸ್ವಲ್ಪಸ್ವಲ್ಪವಾಗಿ, ಪದೇಪದೇ ಆಗಬೇಕು. ಒಂದೇ ದಿನ ಹಟ ಹಿಡಿದು ವಾಂತಿಯಾಗುವವರೆಗೆ ಅಭ್ಯಾಸ ಮಾಡಿದರೆ ದೇಹ ಆ ಚಲನೆಯನ್ನೇ ದ್ವೇಷಿಸಲು ಕಲಿಯುತ್ತದೆ.

ಆರಂಭಕ್ಕೆ ಮನೆಯ ಜೋಕಾಲಿಯೇ ಸಾಕು. ನಾಗರಪಂಚಮಿಗೆ ಕಟ್ಟಿದ ಜೋಕಾಲಿಯನ್ನು ಹಬ್ಬ ಮುಗಿದ ಮೇಲೂ ಒಂದಿಷ್ಟು ದಿನ ಬಿಡಿ. ದಿನವೂ ಕೆಲವು ನಿಮಿಷ ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ, ಯಾರಾದರೂ ಹತ್ತಿರ ಇರುವಾಗ ಸಣ್ಣಗೆ ತೂಗಿಕೊಳ್ಳಿ. ಕಣ್ಣು ಮುಚ್ಚಿದಾಗ ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು. ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆಯ ಮೇಲೆ ತಣ್ಣನೆಯ ಬೆವರು, ಮುಖ ಬಿಳಿಚುವುದು, ಕಾರಣವಿಲ್ಲದ ಮಂಪರು: ಇವು ವಾಕರಿಕೆಗೆ ಮುಂಚೆ ಬರುವ ಸೂಚನೆಗಳು. ಇವುಗಳಲ್ಲಿ ಮೊದಲನೆಯದು ಕಂಡ ಕೂಡಲೇ ನಿಲ್ಲಿಸಿ, ದೇಹ ಪೂರ್ತಿ ಸರಿಯಾದ ಮೇಲೆ ಮತ್ತೆ ಕುಳಿತುಕೊಳ್ಳಿ. ಜೋಕಾಲಿಯಿಂದ ದೊರೆಯುವ ದೊಡ್ಡ ಲಾಭವೆಂದರೆ ಈ ಸೂಚನೆಗಳನ್ನು ಗುರುತಿಸುವ ರೂಢಿ. ಮುಂದೆ ಹಡಗಿನಲ್ಲಿ ಅದೇ ನಿಮ್ಮನ್ನು ಕಾಪಾಡುತ್ತದೆ.

ಮುಂದಿನದು ಘಾಟಿ. ರಾಷ್ಟ್ರೀಯ ಹೆದ್ದಾರಿ 48ರ ನೇರ ದಾರಿಯಲ್ಲಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವುದರಿಂದ ಯಾವ ಅಭ್ಯಾಸವೂ ಆಗುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿಯ ಮೇಲೆ ಹಾದು ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವ ದಾರಿಯಲ್ಲಿ, ಮುಂದಿನ ಸೀಟಿನಲ್ಲಿ ಕುಳಿತು ರಸ್ತೆಯನ್ನೇ ನೋಡುತ್ತಾ, ಮೊಬೈಲ್ ಮುಟ್ಟದೆ ಹೋಗಿ. ರಸ್ತೆಯ ಮೇಲಿನ ಅಭ್ಯಾಸ ಸಮುದ್ರಕ್ಕೆ ಪೂರ್ತಿ ಒದಗುವುದಿಲ್ಲ ಎಂಬುದು ನಿಜ, ಏಕೆಂದರೆ ಎರಡರ ಚಲನೆಯೇ ಬೇರೆ. ಆದರೂ ಕಣ್ಣನ್ನು ದೂರಕ್ಕೆ ನೆಟ್ಟಿರುವ ರೂಢಿ ಬರುತ್ತದೆ, ಹೆದರಿಕೆ ಕಡಿಮೆಯಾಗುತ್ತದೆ.

ಘಾಟಿ ಇಳಿದ ಮೇಲೆ ಕಡಲು ಹತ್ತಿರವೇ ಇದೆ. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಲ್ಲಿ ಅರ್ಧ ಗಂಟೆಯ ಆಸುಪಾಸಿನ ಹಾದಿ. ಮೊದಲ ಸಮುದ್ರಪಾಠಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮವರಿಗೆ ಇಲ್ಲ, ಏಕೆಂದರೆ ತೊಂದರೆಯಾದರೂ ಬೇಗ ಮುಗಿಯುತ್ತದೆ, ಇಳಿದು ಸುಧಾರಿಸಿಕೊಳ್ಳಲು ನೆಲ ಸಿಗುತ್ತದೆ. ಲಾವಾ ಶಿಲೆಯ ಕಂಬಗಳ ಆ ದ್ವೀಪ ನೋಡುವುದಕ್ಕೂ ಬಲು ಚೆಂದ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನವಾದಂತೆ ಕಡಲಿನಿಂದ ಬೀಸುವ ಗಾಳಿ ಬಲವಾಗಿ ನೀರು ಹೆಚ್ಚು ಕದಡುತ್ತದೆ. ಅದು ಸಲೀಸಾದವರು ಮುಂದಿನ ಬಾರಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ಹೋಗುವ ದೋಣಿ ಹತ್ತಬಹುದು. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಈ ತೆರೆದ ಸಮುದ್ರದ ಹಾದಿ ನಿಜವಾದ ಪರೀಕ್ಷೆ. ದ್ವೀಪದ ಬಳಿ ಲಂಗರು ಹಾಕಿ ನಿಂತ ಸಣ್ಣ ದೋಣಿ, ಓಡುವ ದೋಣಿಗಿಂತ ಹೆಚ್ಚು ಹೊಟ್ಟೆ ತೊಳಸುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಅಲ್ಲಿ ಕಷ್ಟವಾದ ಮಾತ್ರಕ್ಕೆ ದೊಡ್ಡ ಹಡಗಿನಲ್ಲೂ ಅಷ್ಟೇ ಕಷ್ಟವೆಂದು ತೀರ್ಮಾನಿಸಬೇಡಿ.

ಮೂರನೆಯ ಹಂತ: ಕಾಲ, ಮಾರ್ಗ, ಹಡಗು

ಎಷ್ಟೇ ಮಾತ್ರೆ ನುಂಗಿದರೂ ತಪ್ಪು ಕಾಲದಲ್ಲಿ ಹೊರಟರೆ ಫಲವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಉಗ್ರವಾಗಿರುತ್ತದೆ. ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಯೇ ಜೂನ್ 1ರಿಂದ ಜುಲೈ 31ರವರೆಗೆ ನಿಲ್ಲುತ್ತದೆ, ಮಲ್ಪೆಯ ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ಓಡುವುದಿಲ್ಲ. ಬಂಗಾಳ ಕೊಲ್ಲಿಯಲ್ಲಿ ಮುಂಗಾರಿನ ಅಬ್ಬರದ ಜೊತೆಗೆ ಚಂಡಮಾರುತಗಳೂ ಸೇರಿಕೊಳ್ಳುತ್ತವೆ. ಅವು ಹೆಚ್ಚಾಗಿ ಏಳುವುದು ಮೇ ತಿಂಗಳಿನ ಆಸುಪಾಸಿನಲ್ಲಿ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆದ್ದರಿಂದ ಹೊಸಬರಿಗೆ ಲಕ್ಷದ್ವೀಪಕ್ಕೆ ಡಿಸೆಂಬರ್‌ನಿಂದ ಮಾರ್ಚ್, ಅಂಡಮಾನಿಗೆ ಜನವರಿಯಿಂದ ಮಾರ್ಚ್ ಹಿತವಾದ ಕಾಲ. ಮಕ್ಕಳ ಬೇಸಿಗೆ ರಜೆ, ದಸರಾ ರಜೆಗಳಿಗೆ ಇದು ಸರಿಯಾಗಿ ಕೂಡಿಬರುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಮೊದಲ ಯಾನಕ್ಕೆ ಒಂದು ವಾರ ಶಾಲೆಗೆ ರಜೆ ಹಾಕಿಸುವುದೇ ಮೇಲೆಂದು ನನ್ನ ಅಭಿಪ್ರಾಯ.

ಮಾರ್ಗದ ಆಯ್ಕೆಯಲ್ಲೂ ಮೆಟ್ಟಿಲು ಇರಲಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ, ದ್ವೀಪವನ್ನು ಅವಲಂಬಿಸಿ, ಸುಮಾರು 14ರಿಂದ 18 ಗಂಟೆಯ ಯಾನ. ಅದರಲ್ಲಿ ಒಂದು ರಾತ್ರಿ ನಿದ್ದೆಯಲ್ಲೇ ಕಳೆಯುತ್ತದೆ. ಲಕ್ಷದ್ವೀಪ ಪ್ರವೇಶಕ್ಕೆ ಪರವಾನಗಿ ಬೇಕಾಗುವುದರಿಂದ ಆ ಕೆಲಸವನ್ನು ಬೇಗ ಆರಂಭಿಸಿ. ಹಲವು ದ್ವೀಪಗಳಲ್ಲಿ ದೊಡ್ಡ ಹಡಗು ದಡದವರೆಗೆ ಹೋಗಲಾರದೆ ಪ್ರಯಾಣಿಕರನ್ನು ಸಣ್ಣ ದೋಣಿಗೆ ಇಳಿಸುತ್ತಾರೆ. ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ಗಮನದಲ್ಲಿಡಬೇಕು, ಏಕೆಂದರೆ ರಾತ್ರಿಯೆಲ್ಲ ಸುಮ್ಮನಿದ್ದ ಹೊಟ್ಟೆ ಆ ಕೊನೆಯ ತುಯ್ದಾಟದಲ್ಲಿ ಕೆಡುವುದುಂಟು. ಇನ್ನು ಚೆನ್ನೈಯಿಂದ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ, 2024ರಿಂದ ಅದರ ಹೆಸರು ಶ್ರೀ ವಿಜಯಪುರ, ಹಡಗಿಗೆ ಸುಮಾರು 60 ಗಂಟೆ ಬೇಕು. ಇದನ್ನು ಮೊದಲ ಯಾನವಾಗಿ ಆರಿಸಿಕೊಳ್ಳುವವರು ಒಂದು ದಿಕ್ಕಿಗೆ ಹಡಗು, ಇನ್ನೊಂದು ದಿಕ್ಕಿಗೆ ವಿಮಾನ ಎಂದು ಯೋಜಿಸುವುದು ಜಾಣತನ. ಮರಳುವಾಗ ಮತ್ತೆ ಅದೇ ಕಷ್ಟವೆಂಬ ಚಿಂತೆ ಇಲ್ಲದಿದ್ದರೆ ದ್ವೀಪದಲ್ಲಿ ಕಳೆಯುವ ದಿನಗಳೂ ನೆಮ್ಮದಿಯಿಂದ ಕೂಡಿರುತ್ತವೆ.

ದೊಡ್ಡ ಹಡಗು ಸಣ್ಣ ಹಡಗಿಗಿಂತ ಕಡಿಮೆ ತುಯ್ಯುತ್ತದೆ, ಹೊಸ ಪ್ರವಾಸಿ ಹಡಗುಗಳಿಗೆ ಪಕ್ಕಕ್ಕೆ ವಾಲುವುದನ್ನು ತಗ್ಗಿಸುವ ರೆಕ್ಕೆಗಳೂ ಇರುತ್ತವೆ. ಕ್ಯಾಬಿನ್ ಕಾಯ್ದಿರಿಸುವಾಗ ಹಡಗಿನ ಉದ್ದದ ನಟ್ಟನಡುವಿನ, ನೀರಿನ ಮಟ್ಟಕ್ಕೆ ಹತ್ತಿರದ ಕೆಳ ಅಂತಸ್ತನ್ನೇ ಕೇಳಿ. ಏತದ ಕಂಬ ಆಡುವಾಗ ತುದಿಗಳು ಆಳೆತ್ತರ ಏರಿಳಿದರೂ ನಡುವಿನ ಗೂಟದ ಜಾಗ ಹೆಚ್ಚು ಕದಲದಿರುವಂತೆ, ಹಡಗಿನಲ್ಲೂ ನಡುಭಾಗದ ಏರಿಳಿತ ಅತಿ ಕಡಿಮೆ. ಎತ್ತರದ ಅಂತಸ್ತಿನ, ಮುಂಭಾಗದ, ದೊಡ್ಡ ಕಿಟಕಿಯ ಕೋಣೆಗೆ ಹೆಚ್ಚು ಹಣ ತೆತ್ತು ರಾತ್ರಿಯಿಡೀ ನರಳುವುದಕ್ಕಿಂತ ಅಗ್ಗದ ನಡುಕೋಣೆ ಸಾವಿರ ಪಾಲು ಮೇಲು.

ಹೊರಡುವ ವಾರದಲ್ಲಿ ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನೂ, ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಕೊಡುವ ಅಲೆಗಳ ಎತ್ತರದ ಮುನ್ಸೂಚನೆಯನ್ನೂ ನೋಡಿ. ಅಲೆಯ ಎತ್ತರ 1.25 ಮೀಟರಿನೊಳಗಿದ್ದರೆ ಸಮುದ್ರ ಸೌಮ್ಯ. 1.25ರಿಂದ 2.5 ಮೀಟರ್ ಇದ್ದರೆ ಮಧ್ಯಮ. ಬೇನೆಯ ಸ್ವಭಾವ ಇರುವವರು ಆಗ ಮಾತ್ರೆ ಬಿಡಬಾರದು. 2.5 ಮೀಟರ್ ದಾಟಿತೆಂದರೆ ಸಮುದ್ರ ಒರಟಾಗಿದೆ ಎಂದರ್ಥ. ಅಂಥ ದಿನ ಸಣ್ಣ ದೋಣಿಯ ಪ್ರವಾಸಗಳನ್ನು ಮುಂದೂಡುವುದೇ ಸರಿ.

ನಾಲ್ಕನೆಯ ಹಂತ: ಔಷಧ

ಇಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ. ಪ್ರಮಾಣವನ್ನು ಅವರೇ ಹೇಳಬೇಕು. ನಾನು ತಿಳಿಸುವುದು ಅವರೊಡನೆ ಮಾತನಾಡಲು ಬೇಕಾದಷ್ಟನ್ನು ಮಾತ್ರ. ನಮ್ಮ ಔಷಧದಂಗಡಿಗಳಲ್ಲಿ ಬಸ್ಸಿನ ವಾಂತಿಗೆ ಬಹುಕಾಲದಿಂದ ಸಿಗುತ್ತಿರುವ ಅವೋಮಿನ್ ಮಾತ್ರೆಯಲ್ಲಿರುವುದು ಪ್ರೊಮೆಥಜಿನ್. ಇದನ್ನು ದೂರದ ಯಾನಕ್ಕಾದರೆ ಹಿಂದಿನ ರಾತ್ರಿ, ಸಣ್ಣ ಯಾನಕ್ಕಾದರೆ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳುವ ಪದ್ಧತಿ ಇದೆ. ಸಿನ್ನರಿಜಿನ್, ಮೆಕ್ಲಿಜಿನ್, ಡೈಮೆನ್‌ಹೈಡ್ರಿನೇಟ್ ಎಂಬ ಇನ್ನೂ ಕೆಲವು ಇದೇ ಕೆಲಸಕ್ಕೆ ಬಳಕೆಯಲ್ಲಿವೆ. ಇವೆಲ್ಲವೂ ವಾಕರಿಕೆ ಬರುವ ಮೊದಲೇ ಹೊಟ್ಟೆ ಸೇರಿರಬೇಕು. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಕರಗುವ ಮೊದಲೇ ಹೊರಬರುತ್ತದೆ, ಇಲ್ಲವೇ ಕೆಲಸ ನಿಲ್ಲಿಸಿದ ಜಠರದಲ್ಲೇ ಉಳಿದುಬಿಡುತ್ತದೆ.

ಒಂದು ವ್ಯಾಪಕವಾದ ತಪ್ಪುತಿಳಿವಳಿಕೆಯನ್ನು ಇಲ್ಲಿ ಸರಿಪಡಿಸಲೇಬೇಕು. ಹೊಟ್ಟೆ ಕೆಟ್ಟು ವಾಂತಿಯಾದಾಗ ವೈದ್ಯರು ಕೊಡುವ ಒಂಡಾನ್ಸೆಟ್ರಾನ್ ಮಾತ್ರೆ ಮನೆಮನೆಯ ಔಷಧದ ಡಬ್ಬಿಯಲ್ಲೂ ಇರುತ್ತದೆ, ಅದನ್ನೇ ಹಡಗಿಗೂ ಒಯ್ಯುವವರು ಬಹಳ. ಆದರೆ ಚಲನೆಯಿಂದ ಬರುವ ವಾಕರಿಕೆಯನ್ನು ತಡೆಯುವಲ್ಲಿ ಅದು ಹೇಳಿಕೊಳ್ಳುವಂಥ ಫಲ ಕೊಡುವುದಿಲ್ಲ. ಹಾಗೆಯೇ ನಿದ್ದೆ ಬರಿಸದ ಸೆಟಿರಿಜಿನ್ ತರಹದ ನೆಗಡಿಯ ಮಾತ್ರೆಗಳಿಂದಲೂ ಇಲ್ಲಿ ಪ್ರಯೋಜನವಿಲ್ಲ.

ಕಡಲಬೇನೆಯ ಮಾತ್ರೆಗಳು ಮಂಪರು ತರುತ್ತವೆ, ಬಾಯಿ ಒಣಗಿಸುತ್ತವೆ. ಆದ್ದರಿಂದ ಮನೆಯಲ್ಲಿ ಬಿಡುವಿರುವ ದಿನ ಒಮ್ಮೆ ತೆಗೆದುಕೊಂಡು ನಿಮ್ಮ ದೇಹ ಹೇಗೆ ಪ್ರತಿಕ್ರಿಯಿಸುತ್ತದೆಂದು ನೋಡಿಕೊಳ್ಳಿ, ಅಂದು ಗಾಡಿ ಓಡಿಸಬೇಡಿ. ಮದ್ಯದೊಡನೆ ಇವು ಸೇರಲೇಬಾರದು. ಕಣ್ಣಿನ ಒತ್ತಡದ ಗ್ಲಾಕೋಮಾ, ಪ್ರಾಸ್ಟೇಟ್ ಗ್ರಂಥಿಯ ಊತ, ಪಾರ್ಕಿನ್ಸನ್ ಕಾಯಿಲೆ ಇರುವವರು, ಬಸುರಿಯರು, ಬೇರೆ ನಿದ್ದೆಯ ಅಥವಾ ಮನೋರೋಗದ ಮಾತ್ರೆ ನುಂಗುತ್ತಿರುವವರು ಅಂಗಡಿಯಲ್ಲಿ ಕೇಳಿ ಕೊಳ್ಳದೆ ವೈದ್ಯರನ್ನೇ ಕಾಣಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜಿನ್ ಕೊಡಲೇಬಾರದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಅಪಾಯವಿದೆ: ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಂಡು ಊಟ ವಾಂತಿಯಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಊಟ ನಿಲ್ಲದ ದಿನ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಶುಂಠಿಗೆ ಸ್ವಲ್ಪ ಆಧಾರವಿದೆ; ಹೊರಡುವ ಮುನ್ನ ಒಣಶುಂಠಿಯ ಕಷಾಯ, ನಡುನಡುವೆ ಶುಂಠಿ ಪೆಪ್ಪರಮೆಂಟು ಕೆಲವರಿಗೆ ಚೆನ್ನಾಗಿ ಒಗ್ಗುತ್ತದೆ. ಮಣಿಕಟ್ಟಿನ ಒಳಭಾಗವನ್ನು ಒತ್ತುವ ಪಟ್ಟಿಗಳ ಬಗ್ಗೆ ಫಲಿತಾಂಶಗಳು ಒಂದೇ ಸಮ ಇಲ್ಲ. ಅವುಗಳಿಂದ ಹಾನಿಯಂತೂ ಇಲ್ಲ, ಆದರೆ ಅವನ್ನೇ ನಂಬಿ ಮಾತ್ರೆ ಬಿಡಬೇಡಿ.

ಐದನೆಯ ಹಂತ: ಬುತ್ತಿ ಮತ್ತು ಚೀಲ

ಖಾಲಿ ಹೊಟ್ಟೆಯಲ್ಲಿ ಹೋದರೆ ವಾಂತಿಯಾಗದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದು ಸರಿಯಲ್ಲ. ಖಾಲಿ ಹೊಟ್ಟೆಯೂ ತುಂಬಿದ ಹೊಟ್ಟೆಯೂ ಎರಡೂ ತೊಂದರೆ ಕೊಡುತ್ತವೆ. ಸ್ವಲ್ಪ ಒಣ ಆಹಾರ ಸದಾ ಹೊಟ್ಟೆಯಲ್ಲಿರಬೇಕು. ಡಾರ್ವಿನ್ ತನ್ನ ತಂದೆಗೆ ಬರೆದ ಪತ್ರದಲ್ಲಿ ಬಿಸ್ಕತ್ತು ಮತ್ತು ಒಣದ್ರಾಕ್ಷಿ ಮಾತ್ರ ತನ್ನ ಹೊಟ್ಟೆ ತಡೆಯುತ್ತದೆಂದು ಹೇಳಿದ್ದಾನೆ. ದಾವಣಗೆರೆಯವರ ಬಳಿ ಅದಕ್ಕಿಂತ ಒಳ್ಳೆಯದು ಇದೆ: ಒಗ್ಗರಣೆ ಹಾಕದ, ಖಾರ ಕಲಸದ ಬರಿ ಮಂಡಕ್ಕಿ. ಅದು ಹಗುರ, ಎಣ್ಣೆಯಿಲ್ಲ, ವಾಸನೆಯಿಲ್ಲ, ಒಂದೊಂದೇ ಹಿಡಿ ತಿನ್ನಬಹುದು, ಡಬ್ಬಿಯಲ್ಲಿ ಗಾಳಿಯಾಡದಂತೆ ಇಟ್ಟರೆ ಮೆತ್ತಗಾಗದು. ಜೊತೆಗೆ ಕಟಕ್ ರೊಟ್ಟಿ, ಹುರಿಗಡಲೆ, ಒಣದ್ರಾಕ್ಷಿ ಇರಲಿ. ಬೆಣ್ಣೆ ದೋಸೆ, ಮಿರ್ಚಿ, ಶೇಂಗಾದ ಎಣ್ಣೆ ಚಟ್ನಿಗಳ ಆಸೆಯನ್ನು ಹೊರಡುವ ಹಿಂದಿನ ದಿನದಿಂದಲೇ ತಡೆದುಕೊಳ್ಳಿ. ಜಿಡ್ಡು ಜಠರದಲ್ಲಿ ಬಹಳ ಹೊತ್ತು ಉಳಿಯುತ್ತದೆ.

ಚೀಲದಲ್ಲಿ ಓಆರ್‌ಎಸ್ ಪೊಟ್ಟಣಗಳು, ನಿಂಬೆಹಣ್ಣು, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲಗಳು, ಒದ್ದೆ ಮಾಡಬಹುದಾದ ಕೈವಸ್ತ್ರ, ಒಂದು ಚಿಕ್ಕ ದಿಂಬು ಇರಬೇಕು. ಘಮಘಮಿಸುವ ಸೆಂಟು, ಅಗರಬತ್ತಿ ಬೇಡವೇ ಬೇಡ. ದಾವಣಗೆರೆಯಿಂದ ಕೊಚ್ಚಿಗೋ ಚೆನ್ನೈಗೋ ರಾತ್ರಿಯಿಡೀ ಪ್ರಯಾಣ ಮಾಡಿ ನೇರವಾಗಿ ಹಡಗು ಹತ್ತುವ ಯೋಜನೆ ಮಾಡಬೇಡಿ. ನಿದ್ದೆಗೆಟ್ಟ ದೇಹ ಕಡಲಬೇನೆಗೆ ಬೇಗ ಸೋಲುತ್ತದೆ. ಒಂದು ದಿನ ಮೊದಲೇ ಬಂದರಿನ ಊರು ತಲುಪಿ, ಹಗುರವಾಗಿ ಉಂಡು ಮಲಗಿ.

ಆರನೆಯ ಹಂತ: ಹಡಗಿನ ಮೇಲೆ

ಹಡಗು ಬಂದರಿನಲ್ಲಿ ನಿಂತಿರುವಾಗಲೇ ಕೋಣೆಯ ಕೆಲಸಗಳನ್ನೆಲ್ಲ ಮುಗಿಸಿಬಿಡಿ. ಮಾತ್ರೆ, ನೀರು, ಬಟ್ಟೆ, ಚೀಲ ಎಲ್ಲವೂ ಬಗ್ಗದೆ ಕೈಗೆ ಸಿಗುವಂತಿರಲಿ. ಸಮುದ್ರಕ್ಕೆ ಸೇರಿದ ಮೇಲೆ ಮಂಚದಡಿಯ ಚೀಲದಲ್ಲಿ ತಲೆ ಬಗ್ಗಿಸಿ ಏನನ್ನಾದರೂ ಹುಡುಕುವುದಕ್ಕಿಂತ ಬೇಗ ವಾಂತಿ ತರುವ ಕೆಲಸ ಇನ್ನೊಂದಿಲ್ಲ. ಬಂದರಿನ ಬಾಯಿ ದಾಟುವ ಮೊದಲೇ ತೆರೆದ ಡೆಕ್ಕಿಗೆ ಬಂದು, ಹಡಗು ಹೋಗುವ ದಿಕ್ಕಿಗೆ ಮುಖಮಾಡಿ, ಸಾಧ್ಯವಾದಷ್ಟು ನಡುಭಾಗದಲ್ಲಿ, ಎಂಜಿನ್ನಿನ ಹೊಗೆಯೂ ಅಡುಗೆಮನೆಯ ವಾಸನೆಯೂ ಬಾರದ ಕಡೆ ಕುಳಿತುಕೊಳ್ಳಿ. ದಿಗಂತದ ಗೆರೆಯನ್ನೇ ನೋಡಿ. ಹತ್ತಿರದ ಅಲೆಗಳನ್ನು ನೋಡುತ್ತಾ ಕೂರಬೇಡಿ. ದಿಗಂತ ಕದಲದೆ ನಿಂತಿರುವುದರಿಂದ ಹಡಗು ಎಷ್ಟು ವಾಲುತ್ತಿದೆ ಎಂಬ ನಿಜ ಕಣ್ಣಿಗೆ ತಿಳಿದು, ಕಿವಿಯ ಸುದ್ದಿಗೆ ಅದು ಹೊಂದುತ್ತದೆ. ಬೆನ್ನು, ತಲೆ ಎರಡಕ್ಕೂ ಆಸರೆ ಇದ್ದು ತಲೆ ಹೆಚ್ಚು ಅಲುಗದಿರಲಿ. ಉಸಿರಾಟ ನಿಧಾನವಾಗಿ, ಒಂದೇ ಲಯದಲ್ಲಿ ಸಾಗಲಿ; ಪ್ರಾಣಾಯಾಮದ ಅಭ್ಯಾಸ ಇರುವವರಿಗೆ ಇದು ಸುಲಭ.

ಮೊಬೈಲ್ ನೋಡುವುದು, ಪುಸ್ತಕ ಓದುವುದು, ಇಸ್ಪೀಟು ಆಡುವುದು ಮೊದಲ ದಿನ ಬೇಡ. ಬದಲಿಗೆ ಹಾಡಿ, ಹಾಡಿಸಿ, ಅಂತ್ಯಾಕ್ಷರಿ ಆಡಿ, ಮಾತಾಡಿ. ಮನಸ್ಸು ಬೇರೆಡೆ ತೊಡಗಿದಾಗ ವಾಕರಿಕೆ ತಡವಾಗುತ್ತದೆ. ಅಜ್ಜಿಗೋ ಮಗುವಿಗೋ ಐದು ನಿಮಿಷಕ್ಕೊಮ್ಮೆ ‘ಹೊಟ್ಟೆ ತೊಳಸ್ತಿದೆಯಾ?’ ಎಂದು ಕೇಳುವುದು ಪ್ರೀತಿಯಿಂದಲೇ ಆದರೂ ಅದು ಅವರ ಗಮನವನ್ನು ಹೊಟ್ಟೆಗೇ ಎಳೆಯುತ್ತದೆ. ಕೇಳದೆ ಅವರ ಮುಖದ ಬಣ್ಣವನ್ನೂ ಆಕಳಿಕೆಯನ್ನೂ ಗಮನಿಸಿ, ಸೂಚನೆ ಕಂಡರೆ ಸುಮ್ಮನೆ ಗಾಳಿಯ ಕಡೆಗೆ ಕರೆದೊಯ್ಯಿರಿ. ಕತ್ತಲಾಗಿ ದಿಗಂತ ಕಾಣದಾದಾಗ ಡೆಕ್ಕಿನಲ್ಲಿ ಕೂರುವುದರಿಂದ ಪ್ರಯೋಜನ ಕಡಿಮೆ. ಕೋಣೆಗೆ ಹೋಗಿ, ಅಂಗಾತ ಮಲಗಿ, ತಲೆ ಹೊರಳದಂತೆ ದಿಂಬು ಒತ್ತಿಟ್ಟು ಕಣ್ಣು ಮುಚ್ಚಿ.

ಏಳನೆಯ ಹಂತ: ಆದರೂ ವಾಂತಿಯಾದರೆ

ಇಷ್ಟೆಲ್ಲ ಮಾಡಿಯೂ ಕೆಲವರಿಗೆ ಆಗುತ್ತದೆ. ಆಗ ರೇಲಿಂಗ್ ಮೇಲೆ ಬಾಗಬೇಡಿ. ನಿಶ್ಶಕ್ತಿಯಲ್ಲಿರುವಾಗ ಹಡಗು ವಾಲಿದರೆ ಪ್ರಾಣಕ್ಕೇ ಅಪಾಯ. ಚೀಲ ಬಳಸಿ, ಬಾಯಿ ಕಟ್ಟಿ ಕಸದ ಬುಟ್ಟಿಗೆ ಹಾಕಿ. ಬಾಯಿ ಮುಕ್ಕಳಿಸಿ, ಹತ್ತು ನಿಮಿಷ ಹೊಟ್ಟೆಗೆ ಬಿಡುವು ಕೊಟ್ಟು, ಓಆರ್‌ಎಸ್ ನೀರನ್ನು ಚಮಚದ ಲೆಕ್ಕದಲ್ಲಿ ಕೆಲವು ನಿಮಿಷಕ್ಕೊಮ್ಮೆ ಕುಡಿಯಿರಿ. ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕಿಷ್ಟೆಂದು ಅಂದಾಜಿನಲ್ಲಿ ಹಾಕಬಾರದು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದ ಅಳತೆ ನೋಡಿ. ಪೊಟ್ಟಣ ಮುಗಿದರೆ 1 ಲೀಟರ್ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ಒಂದೇ ಗುಟುಕಿಗೆ ಲೋಟ ಬರಿದು ಮಾಡಿದರೆ ಅದೂ ಹೊರಬರುತ್ತದೆ. ಹೊಟ್ಟೆ ನಿಂತ ಮೇಲೆ ಒಂದು ಹಿಡಿ ಮಂಡಕ್ಕಿ.

ಎಲ್ಲ ವಾಂತಿಯೂ ಕಡಲಬೇನೆಯೇ ಆಗಿರಬೇಕಿಲ್ಲ. ಎದೆನೋವಿನೊಡನೆ ಬೆವರು ಮತ್ತು ವಾಕರಿಕೆ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಬಲಗುಂದುವುದು, ವಾಂತಿಯಲ್ಲಿ ರಕ್ತ, ತಡೆಯಲಾರದ ಹೊಟ್ಟೆನೋವು ಅಥವಾ ತಲೆನೋವು ಕಂಡರೆ ಕಾಯದೆ ಹಡಗಿನ ವೈದ್ಯರನ್ನೋ ಸಿಬ್ಬಂದಿಯನ್ನೋ ಕರೆಯಿರಿ. ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಮಗು ಮಂಕಾಗಿ ಮಲಗಿದಲ್ಲೇ ಇದ್ದರೆ ಅದೂ ಅಷ್ಟೇ ತುರ್ತು. ‘ಹಡಗಿನಲ್ಲಿ ಎಲ್ಲರಿಗೂ ಹೀಗೇ’ ಎಂಬ ಸಮಾಧಾನದ ಮಾತಿನಿಂದ ಇಂಥ ಸಂದರ್ಭದಲ್ಲಿ ಅಮೂಲ್ಯವಾದ ಹೊತ್ತು ಕಳೆದುಹೋಗುತ್ತದೆ.

ಎಂಟನೆಯ ಹಂತ: ಮೂರನೆಯ ದಿನ ಮತ್ತು ದಡ

ಎರಡು ಮೂರು ದಿನಗಳಲ್ಲಿ ಹೆಚ್ಚಿನವರ ಮಿದುಳು ಸಮುದ್ರದ ಲಯವನ್ನು ಕಲಿತುಬಿಡುತ್ತದೆ. ಅಂಡಮಾನಿನ ಹಾದಿಯಲ್ಲಿ ಮೊದಲ ಎರಡು ದಿನ ತಲೆ ಎತ್ತದವರು ಮೂರನೆಯ ದಿನ ಡೆಕ್ಕಿನಲ್ಲಿ ಕುಳಿತು ಊಟ ಮಾಡುವುದು ಸಾಮಾನ್ಯ. ಅದಕ್ಕೇ ನಾನು ಮೊದಲ 24 ಗಂಟೆಗಳ ಕಷ್ಟವನ್ನು ನೋಡಿ ಇಡೀ ಯಾನವನ್ನು ಅಳೆಯಬೇಡಿ ಎಂದು ಹೇಳುವುದು. ದೀರ್ಘ ಯಾನ ಹೊಸಬರಿಗೆ ಎಷ್ಟೋ ಸಲ ಸಣ್ಣ ಯಾನಕ್ಕಿಂತ ಸುಖಕರವಾಗುವುದೂ ಇದೇ ಕಾರಣಕ್ಕೆ.

ಕಲಿತ ಮಿದುಳು ಇಳಿದ ಮೇಲೂ ಕೆಲವು ಗಂಟೆ, ಕೆಲವರಲ್ಲಿ ಒಂದೆರಡು ದಿನ ಅದೇ ಲಯವನ್ನು ಹಿಡಿದಿರುತ್ತದೆ; ನಿಂತ ನೆಲ ತೂಗಿದಂತೆ ಭಾಸವಾಗುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ ಗೋಡೆ ಹಿಡಿದುಕೊಳ್ಳಿ, ಮೆಟ್ಟಿಲನ್ನು ನಿಧಾನವಾಗಿ ಇಳಿಯಿರಿ. ಚೆನ್ನೈಯಲ್ಲಿ ಇಳಿದ ಕೂಡಲೇ ಕಾರು ಓಡಿಸಿಕೊಂಡು ಚಿತ್ರದುರ್ಗಕ್ಕೆ ಹೊರಡುವ ಯೋಜನೆ ಇಟ್ಟುಕೊಳ್ಳಬೇಡಿ, ರೈಲಿನಲ್ಲಿ ಬನ್ನಿ. ಈ ತೂಗಾಟ ವಾರಗಟ್ಟಲೆ ಉಳಿದರೆ ಕಿವಿಯ ಅಥವಾ ನರರೋಗದ ತಜ್ಞರಿಗೆ ತೋರಿಸಬೇಕು.

ದ್ವೀಪದಲ್ಲಿ ಹಲವು ದಿನ ಕಳೆದು ಹಡಗಿನಲ್ಲೇ ಮರಳುವವರು ಹೋಗುವಾಗ ಒಗ್ಗಿದ್ದನ್ನೇ ನಂಬಿ ಮಾತ್ರೆಯನ್ನು ಬಿಡಬಾರದು, ಏಕೆಂದರೆ ನೆಲದ ಮೇಲೆ ಕಳೆದ ದಿನಗಳಲ್ಲಿ ಆ ಕಲಿಕೆ ಮಾಸತೊಡಗುತ್ತದೆ. ಮರಳುವ ಹಿಂದಿನ ರಾತ್ರಿ ಮತ್ತೆ ಮೊದಲಿನಂತೆಯೇ ಹಗುರ ಊಟ, ವೈದ್ಯರು ಹೇಳಿದ ಮಾತ್ರೆ, ಸಾಕಷ್ಟು ನಿದ್ದೆ. ಹೋಗುವಾಗ ಯಾವ ಮಾತ್ರೆ ಎಷ್ಟು ಹೊತ್ತಿಗೆ ತೆಗೆದುಕೊಂಡಿರಿ, ಎಲ್ಲಿ ಕುಳಿತಾಗ ಹಿತವೆನಿಸಿತು, ಏನು ತಿಂದಾಗ ಹೊಟ್ಟೆ ತಡೆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರೆ, ಮರಳುವಾಗ ಮನೆಯವರೆಲ್ಲರಿಗೂ ಯಾರಿಗೆ ಏನು ಒಗ್ಗುತ್ತದೆಂದು ಹುಡುಕುವ ಕೆಲಸ ಉಳಿಯುವುದಿಲ್ಲ.